ಅಕಿಗೆ ಖಬರ ಇತ್ತೇನ?

ಹೋದ ತಿಂಗಳು ನಮ್ಮ ಓದೋ ಗುಂಪಿನ್ಯಾಗ ಜಗಳ ಆತು. ಜಗಳ ಅಂದ್ರ ಅಂಥಾದ್ದೇನಲ್ಲ ಬಿಡ್ರಿ, ಆದ್ರ ಚಹಾ ಆರಿ ಮ್ಯಾಲ ಕೆನಿ ಕಟ್ಟಿದ್ರೂ ಯಾರೂ ಕಪ್ಪು ಮುಟ್ಟಲಿಲ್ಲ, ಮಿರ್ಚಿ ಹಂಗ ಉಳದ್ವು, ಹುಬ್ಬಳ್ಳ್ಯಾಗ ಏಳು ಮಂದಿ ಕುಂತಲ್ಲಿ ಮಿರ್ಚಿ ಉಳದ್ವು ಅಂದ್ರ ಜಗಳ ಎಷ್ಟ ದೊಡ್ಡದಿತ್ತು ಅಂತ ನೀವ ಲೆಕ್ಕಾ ಹಾಕ್ರಿ.

ನಾವು ಏಳು ಮಂದಿ ಹೆಣ್ಮಕ್ಕಳು, ಎರಡನೇ ಶನಿವಾರ ಬ್ಯಾಂಕಿಗೆ ಸೂಟಿ ಇರತೈತಿ ಅಂತ ಅವತ್ತ ಕೇಶ್ವಾಪುರದಾಗ ಒಬ್ಬರ ಮನಿ ಮಹಡಿ ಮ್ಯಾಲ ಕೂಡ್ತೀವಿ. ತಿಂಗಳಿಗೊಂದು ಪುಸ್ತಕ. ಬರೇ ಕನ್ನಡ ಅಂತ ಶುರು ಮಾಡಿದ್ವಿ, ಆಮ್ಯಾಲ ಯಾರ್ಯಾರೋ ಏನೇನೋ ತರಾಕತ್ತಿದ್ರು. ಈ ಸಲದ್ದು ಫ್ರಾನ್ಸಿನ್ ರಿವರ್ಸ್ ಅನ್ನೋ ಅಮೆರಿಕದ ಹೆಣ್ಮಗಳು ಬರೆದ 'ರಿಡೀಮಿಂಗ್ ಲವ್'. ತಂದವರು ನಮ್ಮ ಬೆಟಗೇರಿ ಅಕ್ಕಾರು. ಅವರ ಮನಿತನ ಬಾಸೆಲ್ ಮಿಶನ್ ಸಭೆಯವರು, ನಾಲ್ಕೈದು ತಲಿಯಿಂದ, ಮಿಶನ್ ಧಾರವಾಡಕ್ಕ ಬಂದದ್ದು 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841 ಅಂತ ಮಕ್ಕಳ ಹುಟ್ಟಿದ ತಾರೀಖು ಹೇಳಿದಂಗ ಹೇಳ್ತಾರ. "ಎರಡ ವರ್ಷ ನೀವು ಕೊಟ್ಟಿದ್ದೆಲ್ಲಾ ಓದೀನಿ, ಒಂದ ಸಲ ನಾ ಕೊಟ್ಟಿದ್ದ ಓದ್ರಿ, ಬೈದ್ರೂ ಓದಿ ಬೈರಿ" ಅಂದ್ರು. ಹಿಂಗ ಅಂದ ಮ್ಯಾಲ ಇಲ್ಲ ಅನ್ನಾಕ ಬರತೈತೇನ್ರಿ?

ನನಗ ಈ ನಮೂನಿ ಪುಸ್ತಕದ ರೂಢಿ ಇರಲಿಲ್ಲ. ಕ್ರಿಶ್ಚಿಯನ್ ಹಿಸ್ಟಾರಿಕಲ್ ರೊಮ್ಯಾನ್ಸ್ ಅಂತ ಅಮೆರಿಕಾದಾಗ ಒಂದು ಬ್ಯಾರೇ ಕಪಾಟ ಐತಂತ, ಹಳೇ ಕಾಲ, ಹೊಲಾ, ಕುದುರಿ ಬಂಡಿ, ಒಬ್ಬ ಹುಡುಗ ಒಬ್ಬಾಕಿ ಹುಡುಗಿ, ನಡುವ ದೇವರು. ನಾ ಏನೋ ಮೆತ್ತಗಿನ ಕಥಿ ಇರಬೇಕು ಅಂತ ತಿಳ್ಕೊಂಡು ಮಕ್ಕೊಳ್ಳೋ ಮುಂದ ಓದಾಕ ಕುಂತೆ, ಮೊದಲಿನ ಐವತ್ತು ಪುಟಕ್ಕ ನಿದ್ದಿ ಹಾರಿ ಹೋತು. ಎಂಟು ವರ್ಷದ ಹುಡುಗಿನ್ನ ಡ್ಯೂಕ್ ಅನ್ನಾವನ ಕೈಗೆ ಮಾರತಾರ. ಅಲ್ಲಿಂದ ಶುರು. ಆ ಹುಡುಗಿ ದೊಡ್ಡಾಕಿ ಆಗಿ, ಹೆಸರು ಏಂಜಲ್ ಆಗಿ, 1850ರ ಕ್ಯಾಲಿಫೋರ್ನಿಯಾದ ಒಂದು ಬಂಗಾರ ತೋಡೋ ಊರಾಗಿನ ಸೂಳೆಗೇರ್ಯಾಗ ಬಂದು ಬೀಳ್ತಾಳ. ಊರಿನ ಹೆಸರು ಪೇರ್-ಅ-ಡೈಸ್. ಕೇಳಾಕ ಸ್ವರ್ಗ, ಅರ್ಥ ಜೋಡಿ ದಾಳ. (ಈ ಒಂದು ಹೆಸರಿಗೆ ಮಾತ್ರ ನಾ ಲೇಖಕಿಗೆ ಶಬ್ಬಾಸ್ ಅಂದೆ.) ಅಲ್ಲಿಗೆ ಮೈಕೆಲ್ ಹೋಸಿಯಾ ಅನ್ನೋ ಒಕ್ಕಲಿಗ ಕಾಯಿಪಲ್ಲೆ ಮಾರಾಕ ಬರ್ತಾನ, ಅಕಿನ್ನ ನೋಡಿದ ಕೂಡಲೇ "ಇಕಿನ್ನ ಮದಿವಿ ಆಗು" ಅಂತ ದೇವರು ಅವನ ಕಿವ್ಯಾಗ ಹೇಳ್ತಾನ. ಮುಂದ ಏನಾಗಬಹುದು ಅಂತ ನಿಮಗ ಗೊತ್ತಾತಲ್ಲ, ಆದ್ರ ಆಗೋ ರೀತಿ ಬ್ಯಾರೇ ಐತಿ.

ಇದು ಬೈಬಲ್ಲಿನ ಹಳೇ ಒಡಂಬಡಿಕ್ಯಾಗಿನ ಹೋಶೇಯ ಪ್ರವಾದಿ ಕಥಿ ಮ್ಯಾಲ ಕಟ್ಟಿದ್ದು. ಹೋಶೇಯಗ ದೇವರು ಒಬ್ಬ ವ್ಯಭಿಚಾರಿ ಹೆಣ್ಮಗಳನ್ನ ಮದಿವಿ ಆಗು ಅಂತಾನ, ಅಂವ ಗೋಮೆರ್ ಅನ್ನಾಕಿನ್ನ ಆಗ್ತಾನ, ಅಕಿ ಬಿಟ್ಟು ಹೋಗ್ತಾಳ, ಮತ್ತ ಅಂವ ಹದಿನೈದು ಬೆಳ್ಳಿ ನಾಣ್ಯ ಮತ್ತ ಒಂದಿಷ್ಟು ಜವೆಗೋದಿ ಕೊಟ್ಟು ಕೊಂಡುಕೊಂಡು ಬರ್ತಾನ. ಬೆಳ್ಳಿ ಜೋಡಿ ಜವೆಗೋದಿ, ಆ ಲೆಕ್ಕಾ ಕೇಳಿ ನನಗ ಒಂಥರಾ ಆತು, ಅವನ ಕಡೆ ರೊಕ್ಕ ಸಾಲಲಿಲ್ಲೇನೋ, ಮನ್ಯಾಗಿನ ಕಾಳು ಅಳೆದು ಕೊಟ್ಟಾನೇನೋ ಅನಸ್ತು.

ಈಗ ನಮ್ಮ ಕಾಕುನ ವಿಷಯಕ್ಕ ಬರ್ತೀನಿ, ಯಾಕಂದ್ರ ಅಕಿ ಇಲ್ಲದ ಈ ಪೋಸ್ಟ್ ಬರಿಯೋ ಜರೂರಿನ ಇರಲಿಲ್ಲ. ಕಾಕಾ ತೀರಿಕೊಂಡ ಮ್ಯಾಲ ನವಲಗುಂದದಿಂದ ಬಂದು ನಮ್ಮ ಜೋಡಿನ ಅದಾಳ. ಕಲ್ತದ್ದು ನಾಲ್ಕನೇತ್ತ. ಪೇಪರ್ ಪೂರಾ ಓದ್ತಾಳ, ಇಂಗ್ಲಿಷ್ ಬರೂದಿಲ್ಲ. ರಾತ್ರಿ ನಾ ಓದಿದ್ದನ್ನ ಮರುದಿನ ಮುಂಜಾನಿ ಅಕಿ ರೊಟ್ಟಿ ಬಡಿಯೋ ಮುಂದ ಕಥಿ ಮಾಡಿ ಹೇಳಬೇಕು, ಇದು ನಮ್ಮಿಬ್ಬರ ಕರಾರು. ಆದ್ರ ಕನ್ನಡದಾಗ ಹೇಳಾಕ ಹೋದ್ರ ಹೆಸರಿನಿಂದನ ತ್ರಾಸ ಶುರು. ರಿಡೀಮಿಂಗ್ ಅಂದ್ರ ಏನಂತ ಹೇಳೋದು? ಬೆಟಗೇರಿ ಅಕ್ಕಾರಿಗೆ ಫೋನ್ ಹಚ್ಚಿದ್ರ "ವಿಮೋಚನೆ ಅನ್ರಿ" ಅಂದ್ರು, ಅವರ ಚರ್ಚಿನ್ಯಾಗ ಹಂಗ ಅಂತಾರಂತ. ಕಾಕುಗೆ ವಿಮೋಚನೆ ಅಂದ್ರ ಸ್ವಾತಂತ್ರ್ಯ ಹೋರಾಟ ಕಣ್ಣ ಮುಂದ ಬಂತು. ಕಡೀಗೆ ನಾನ ಹೇಳಿದೆ, ಒತ್ತಿ ಇಟ್ಟ ಬಂಗಾರ ಬಿಡಿಸಿಕೊಂಡು ಬರ್ತೀವಲ್ಲ ಕಾಕು, ಹಂಗ.

"ಹಾಂ" ಅಂದ್ಲು. "ಯಾರ ಬಂಗಾರ?"

ಅಲ್ಲಿಗೆ ನಿಂತಿದ್ರ ನಾ ಆರಾಮಿದ್ದೆ. ಮುಂದ ಮದಿವಿ ಭಾಗ ಬಂತು. ಮೈಕೆಲ್ ದಿನಾ ರೊಕ್ಕ ಕೊಟ್ಟು ಅಕಿ ಖೋಲಿಗೆ ಹೋಗಿ ಬರೇ ಮಾತಾಡಿ ಬರ್ತಾನ, ಮದಿವಿ ಆಗು ಅಂತಾನ, ಅಕಿ ಒಲ್ಲೆ ಅಂತಾಳ, ಮತ್ತ ಹೋಗ್ತಾನ, ಮತ್ತ ಒಲ್ಲೆ. ಅಂವ ಬ್ಯಾಸತ್ತು ಊರು ಬಿಟ್ಟು ಹೊಂಟಾಗ ಅಲ್ಲಿ ಕಾವಲಿನವ ಅಕಿನ್ನ ಸಾಯೋ ಹಂಗ ಬಡೀತಾನ. ಅಂವ ತಿರುಗಿ ಬಂದು, ನೆತ್ತರ ಸೋರಾಕತ್ತಿದಾಕಿನ್ನ, ಕಣ್ಣ ತಗಿಯಾಕಾಗದಾಕಿನ್ನ ಮತ್ತ ಕೇಳ್ತಾನ, ಆಗಿ ಏನ ನನ್ನ ಅಂತ. ಅಕಿ ಆಗಲಿ ಬಿಡು ಅನ್ನೋ ಹಂಗ ಒಂದು ಮಾತು ಅಂತಾಳ, ಮದಿವಿ ಆಗಿ ಹೋಗತೈತಿ.

ಕಾಕು ಬಡಿಯೋದು ನಿಲ್ಲಿಸಿದ್ಲು. ಹಂಚಿನ ಮ್ಯಾಲ ಒಂದು ರೊಟ್ಟಿ ಇತ್ತು, ಅದರ ಮ್ಯಾಲ ನೀರು ಹಚ್ಚಿ ಆಗಿತ್ತು, ತಿರುವಿ ಹಾಕಬೇಕು, ಹಾಕಲಿಲ್ಲ. ಹಿಟ್ಟಿನ ಕೈ ಹಂಗ ಮ್ಯಾಲ ಹಿಡದು ನನ್ನ ಮಾರಿ ನೋಡಿ ಕೇಳಿದ್ಲು,

"ಅಕಿಗೆ ಖಬರ ಇತ್ತೇನ?"

ಅರ್ಧಾಮರ್ಧ ಇತ್ತು ಕಾಕು ಅಂದೆ.

"ಅರ್ಧಾಮರ್ಧ ಖಬರಿದ್ದಾಕಿ ಹೂಂ ಅಂದಿದ್ದು ಅದೆಂಥಾ ಹೂಂ?"

ರೊಟ್ಟಿ ಹೊತ್ತಿತು. ಆ ರೊಟ್ಟಿ ನನ್ನ ತಾಟಿಗೇ ಬಂತು, ಇರಲಿ.

ಈಗ ಶನಿವಾರದ ಸುದ್ದಿ. ಅವತ್ತ ಮನ್ಯಾಗ ಯಾರೂ ಇರಲಿಲ್ಲ ಅಂತ ಕಾಕುನ್ನೂ ಕರಕೊಂಡು ಹೋಗಿದ್ದೆ, ಮೂಲ್ಯಾಗ ಕುರ್ಚಿ ಹಾಕಿ ಕುಂಡ್ರಿಸಿದ್ವಿ. ಮೊದಲ ಮಾತಾಡಿದಾಕಿ ನಮ್ಮ ಗುಂಪಿನ ಸಣ್ಣಾಕಿ, ಬಿವಿಬಿ ಕಾಲೇಜಿನ್ಯಾಗ ಕಲಿಯಾಕತ್ತಾಳ, ರೊಮ್ಯಾನ್ಸ್ ಪುಸ್ತಕ ತಿಂದು ಬೆಳದಾಕಿ. ಅಕಿ ಒಂದ ಉಸಿರಿನ್ಯಾಗ, "ರೀ ಅಕ್ಕಾ, ಮೈಕೆಲ್ ಅಂದ್ರ ನಡದಾಡೋ ರೆಡ್ ಫ್ಲ್ಯಾಗ್, ಅಕಿ ಬಿಟ್ಟು ಹೋದ್ರ ಹುಡುಕಿ ಎಳಕೊಂಡು ಬರ್ತಾನ, ದೇವರು ಹೇಳ್ಯಾನ ಅಂತಾನ, ನಾಳೆ ನಮ್ಮ ಕಾಲೇಜಿನ್ಯಾಗ ಯಾವನರ ಬಂದು ನಿನ್ನ ಮದಿವಿ ಆಗು ಅಂತ ಹನುಮಪ್ಪ ಕನಸಿನ್ಯಾಗ ಹೇಳ್ಯಾನ ಅಂದ್ರ ನಾ ಕಂಪ್ಲೇಂಟ್ ಕೊಡ್ತೀನಿ." ಎಲ್ಲಾರೂ ನಕ್ವಿ. ಬೆಟಗೇರಿ ಅಕ್ಕಾರು ನಗಲಿಲ್ಲ.

ಬ್ಯಾಂಕಿನ ಅಕ್ಕಾಗ ಬ್ಯಾರೇ ಸಿಟ್ಟು. ಅಕಿಗೆ ಪ್ರವಚನ ಹೆಚ್ಚಾತು. ಕಥಿ ಇನ್ನೇನು ಏರಾಕತ್ತೈತಿ ಅನ್ನೋದ್ರಾಗ ಒಂದು ದನಿ ಬಂದು ಉಪದೇಶ ಮಾಡತೈತಿ, ಹಳೇ ಸಿನಿಮಾದಾಗ ಹಾಡು ಬಂದಂಗ, ಎದ್ದು ಹೋಗಿ ನೀರು ಕುಡದು ಬರಬಹುದು ಅಂದ್ಲು. ಆದ್ರ ಇದರಾಗ ಮಜಾ ನೋಡ್ರಿ, ಅದ ಪುಸ್ತಕಕ್ಕ ಚರ್ಚಿನ ಮಂದಿ ಕಡಿಯಿಂದನೂ ಬೈಗುಳ ಬಿದ್ದಾವಂತ, ಇದರಾಗ ಗಂಡ ಹೆಂಡ್ತಿ ಭಾಗ ಹೆಚ್ಚಾತು, ಮನಿ ಹುಡುಗ್ಯಾರ ಕೈಗೆ ಕೊಡೋ ಹಂಗಿಲ್ಲ ಅಂತ. ಬೆಟಗೇರಿ ಅಕ್ಕಾರ ಹೇಳಿದ್ದು. ರಿವರ್ಸ್ ಮೊದಲ ಸಾದಾ ರೊಮ್ಯಾನ್ಸ್ ಬರೀತಿದ್ರು, 1986ರ ಸುಮಾರಿಗೆ ಪೂರ್ತಿ ಭಕ್ತಿಗೆ ಬಂದ್ರು, ಆಮ್ಯಾಲ ಇದನ್ನ ಬರದ್ರು, 1991ರಾಗ ಸಾಮಾನ್ಯ ಪ್ರಕಾಶಕರ ಕಡಿಂದ ಬಂತು, 1997ರಾಗ ಕ್ರಿಶ್ಚಿಯನ್ ಪ್ರಕಾಶಕರು ಮತ್ತ ಹಾಕೋ ಮುಂದ ಬೈಗುಳ, ಬಿಸಿ ಭಾಗ ಎಲ್ಲಾ ಕತ್ತರಿಸಿ ತಿದ್ದಿ ಹಾಕಿದ್ರು. ನಾವೆಲ್ಲಾ ಓದಿದ್ದು ಈ ಎರಡನೇದ್ದು. ಅಷ್ಟ ಕತ್ತರಿಸಿದ್ರೂ ಒಬ್ಬರಿಗೆ ಉಪ್ಪು ಹೆಚ್ಚು, ಸಣ್ಣಾಕಿಗೆ ಸಪ್ಪಗ! 2022ರಾಗ ಸಿನಿಮಾ ಆದಾಗೂ ಇದ ಗದ್ದಲ ಮತ್ತ ಎದ್ದಿತ್ತಂತ. ನಾ ಸಿನಿಮಾ ನೋಡಿಲ್ಲ, ನೋಡೋ ಮನಸ್ಸೂ ಇಲ್ಲ.

ಹಿಸ್ಟರಿ ಟೀಚರ್ ಮುಂಡರಗಿ ಕಡೆಯವರು, ಅವರದ್ದು ಹಿಸ್ಟಾರಿಕಲ್ ಅನ್ನೋ ಶಬ್ದದ ಮ್ಯಾಲ ತಕರಾರು. 1848ರ ಜನವರ್ಯಾಗ ಸಟರ್ ಅನ್ನಾವನ ಕಟಗಿ ಕೊಯ್ಯೋ ಮಿಲ್ಲಿನ ಕಾಲಿವ್ಯಾಗ ಬಂಗಾರ ಕಂಡ್ತು, ಎರಡ ವರ್ಷದಾಗ ಜಗತ್ತಿನ ಮಂದಿ ಎಲ್ಲಾ ಅಲ್ಲಿ ಬಂದು ಬಿತ್ತು, 1850ರ ಸೆಪ್ಟೆಂಬರಿಗೆ ಕ್ಯಾಲಿಫೋರ್ನಿಯಾ ರಾಜ್ಯನ ಆಗಿಬಿಟ್ತು. ಈ ಗದ್ದಲದಾಗ ಅಲ್ಲಿಯ ಮೂಲ ಜನ ಏನಾದ್ರು? ಬಂಗಾರ ಸಿಗೋಕಿಂತ ಮೊದಲ ಅಂದಾಜು ಒಂದೂವರೆ ಲಕ್ಷ ಇದ್ದವರು 1870ರ ಹೊತ್ತಿಗೆ 30 ಸಾವಿರಕ್ಕ ಬಂದಿದ್ರು, ರೋಗ, ಹಸಿವಿ, ಕೊಲಿ. "ಹೊಲಾ ಮೈಕೆಲ್‌ದು ಅಂತ ಕಥಿ ಹೇಳತೈತಿ, ಅದು ಅವನ ಕೈಗೆ ಬರೋಕಿಂತ ಮೊದಲ ಯಾರದಿತ್ತು ಅಂತ ನನಗ ಓದಕೋತ ಹೊಂಟಂಗ ಅದ ಕೊರಿಯಾಕತ್ತಿತ್ತು" ಅಂದ್ರು. ಸುಮ್ಮನ ಕೇಳಿಕೋತ ಕುಂತಿದ್ವಿ. ಆಮ್ಯಾಲ ಅವರ ಮಾತು ಕಪ್ಪತಗುಡ್ಡಕ್ಕ ಹೊಳ್ಳಿತು, ಅವರ ಮಾತು ಯಾವಾಗಲೂ ಕಪ್ಪತಗುಡ್ಡಕ್ಕ ಹೊಳ್ಳತೈತಿ. ನಮ್ಮ ಗದಗಿನ ಕಡೆ ಹಳ್ಳದ ಉಸುಕು ತೊಳದು ಬಂಗಾರ ತಗಿಯೋ ಜಾಲಗಾರರು ಇದ್ರು, ಮಳಿಗಾಲದಾಗ ಹಳ್ಳ ಬಂದು ಹೋದ ಮ್ಯಾಲ ಮರಿಗಿ ಹಿಡಕೊಂಡು ಹೋಗ್ತಿದ್ರು, ಬ್ರಿಟಿಷ್ ಕಂಪನಿಗಳು ಬಂದು ಗುಡ್ಡಾನೂ ತೋಡಿ ನೋಡಿದ್ವು. "ಅಲ್ಲೆ ಬಂಗಾರ ಭಾಳ ಸಿಕ್ಕಿದ್ರ ನಮ್ಮ ಮುಂಡರಗ್ಯಾಗೂ ಒಂದು ಪೇರ್-ಅ-ಡೈಸ್ ಆಗತಿತ್ತು ನೋಡ್ರಿ." ಈ ಮಾತಿಗೆ ಮಾತ್ರ ನನಗ ಮೈ ಝುಂ ಅಂತು. ಕಥಿ ಎಲ್ಲೋ ಅಮೆರಿಕಾದಾಗ ಅಂತ ದೂರ ಕುಂತು ಓದಿದ್ದೆ.

ಇಷ್ಟೊತ್ತು ಸುಮ್ಮನಿದ್ದ ಬೆಟಗೇರಿ ಅಕ್ಕಾರು ಈಗ ಬಾಯಿ ಬಿಟ್ರು. ಅವರು ಹೇಳಿದ್ದನ್ನ ನಾ ಪೂರಾ ಬರೀತೀನಿ, ಯಾಕಂದ್ರ ಆ ಪುಸ್ತಕ ಇಷ್ಟ ಮಂದಿಗೆ ಯಾಕ ಹಿಡಸ್ತು ಅನ್ನೋದು ನನಗ ಗೊತ್ತಾದದ್ದು ಆವಾಗ.

"ನೀವೆಲ್ಲಾ ಅಂವ ಗಂಡ, ಅಕಿ ಹೆಂಡ್ತಿ ಅಂತ ಓದೀರಿ. ನಮ್ಮ ಮನ್ಯಾಗ ಹೋಶೇಯನ ಪುಸ್ತಕ ಹಂಗ ಓದೂದಿಲ್ರಿ. ಅಂವ ದೇವರು, ಅಕಿ ನಾವು. ನಾ ಮೂವತ್ತೈದು ವರ್ಷದಾಕಿ ಇದ್ದಾಗ ಆರು ವರ್ಷ ದೇವರ ಹೆಸರು ತಗೊಂಡಿಲ್ಲ. ಯಾಕಂತ ಕೇಳಬ್ಯಾಡ್ರಿ. ಚರ್ಚಿನ ಗಂಟಿ ಬಾರಿಸಿದ್ರ ಕಿಟಕಿ ಹಾಕತಿದ್ದೆ. ಆವಾಗ ನಮ್ಮ ಅಕ್ಕ ಈ ಪುಸ್ತಕ ಕೊಟ್ಲು. ಒಬ್ಬಾಕಿ ಎಷ್ಟ ಸಲ ಓಡಿ ಹೋದ್ರೂ ಬಾಗಿಲಾ ತಗದ ಇಟ್ಟಾವ ಒಬ್ಬಾಂವ ಅದಾನ ಅಂತ ಓದಿ ನಾ ಅತ್ತೀನಿ. ನಿಮಗ ಅದು ರೆಡ್ ಫ್ಲ್ಯಾಗ್ ಇರಬಹುದು."

ಸಣ್ಣಾಕಿ ಮಾರಿ ಇಳೀತು. ಯಾರೂ ಏನೂ ಅನ್ನಲಿಲ್ಲ, ಚಹಾಕ್ಕ ಕೆನಿ ಕಟ್ಟಿದ್ದು ಆವಾಗ. ನಾನೂ ಏನ ಅನ್ನಬೇಕು ಅಂತ ತಿಳೀದ ಮಿರ್ಚಿ ತಾಟು ಈ ಕಡಿಂದ ಆ ಕಡೆ ಸರಿಸಿದೆ.

ಮೂಲ್ಯಾಗಿಂದ ಕಾಕು, "ಅಕ್ಕಾರ, ದೇವರು ಬಾಗಿಲಾ ತಗದ ಇಡಲಿ. ಆದ್ರ ಅಂವ ಅಕಿನ್ನ ಎತ್ತಿಕೊಂಡು ಬಂದಾನಲ್ರಿ" ಅಂದ್ಲು.

"ಅಲ್ರೀ ಅಮ್ಮಾರ, ಅಲ್ಲೇ ಬಿಟ್ಟು ಬರಬೇಕಿತ್ತೇನ್ರಿ, ಸತ್ತು ಹೋಗತಿದ್ಲು! ಮೊದಲ ಜೀವ, ಆಮ್ಯಾಲ ಹೂಂ, ಉಹೂಂ."

"ಬಿಡಬಾರದು. ಹೊತಗೊಂಡು ಬರಲಿ, ದವಾಖಾನಿಗೆ ಒಯ್ಯಲಿ, ಗಂಜಿ ಕಾಸಿ ಹಾಕಲಿ. ಅದರಾಗ ಮದಿವಿ ಯಾಕ ಬಂತು?"

ಇದಕ್ಕ ಬೆಟಗೇರಿ ಅಕ್ಕಾರು ಉತ್ತರ ಕೊಡಲಿಲ್ಲ, ಆದ್ರ ಸಿಟ್ಟಿಗೂ ಏಳಲಿಲ್ಲ, ಕಾಕುನ ಕಡೆ ಸ್ವಲ್ಪ ಹೊತ್ತು ನೋಡಿದ್ರು. ನಾ ಇಬ್ಬರ ನಡುವ ಸಿಕ್ಕೊಂಡಿದ್ದೆ. ನನ್ನ ಪ್ರಕಾರ ಇಬ್ಬರದೂ ಖರೇನ, ತಪ್ಪು ಪುಸ್ತಕದ್ದು. ದೇವರ ಕೆಲಸಕ್ಕ ಮನುಷ್ಯಾನ್ನ ಇಟ್ರ ಹಿಂಗ ಆಗತೈತಿ. ದೇವರು ಬೆನ್ನು ಹತ್ತಿದ್ರ ಅದು ಕೃಪೆ, ಅದನ್ನ ಒಬ್ಬ ಗಂಡಸು ಮಾಡಿದ್ರ, ಅವನ ಕೈಯಾಗ ಅಕಿ ಕೊರಳಿನ ದಾರಾನೂ ಇದ್ರ, ಅದು ಬ್ಯಾರೇ ಆಗತೈತಿ. ಲೇಖಕಿಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು ಅಂತ ಕಡೀ ಭಾಗ ಓದಿದ್ರ ತಿಳೀತೈತಿ, ಆದ್ರ ಅಲ್ಲಿಗೆ ಬರಾಕ ನಾಲ್ಕುನೂರು ಪುಟ ಹಿಡೀತು.

ಇನ್ನೊಂದು ಮಾತು. ಮೈಕೆಲ್ ಅಕಿಗೆ ತನಗ ತಿಳಿದ ಹೆಸರು ಇಡಕೋತ ಹೋಗ್ತಾನ, ಮೊದಲ ಮಾರಾ, ಆಮ್ಯಾಲ ಅಮಾಂಡಾ, ಆಮ್ಯಾಲ ತಿರ್ಜಾ. ಸೂಳೆಗೇರ್ಯಾಗಿನ ಹೆಸರು ಏಂಜಲ್, ಅದೂ ಮಂದಿ ಇಟ್ಟದ್ದ. ಖರೇ ಹೆಸರು ಅಕಿ ಯಾರಿಗೂ ಹೇಳೂದಿಲ್ಲ. ಇದನ್ನ ಪ್ರೀತಿ ಅಂತ ಓದಬೇಕು ಅಂತ ಪುಸ್ತಕದ ಆಸೆ. ನಮ್ಮ ಗುಂಪಿನ್ಯಾಗ ಐವತ್ತು ದಾಟಿದ ನಾಲ್ಕು ಮಂದ್ಯಾಗ ಮೂವರದ್ದು ಮದಿವ್ಯಾಗ ಹೆಸರು ಬದಲಿ ಆಗ್ಯಾವು. ತಾಟಿನ್ಯಾಗ ಅಕ್ಕಿ ಹರವಿ, ಅದರಾಗ ಗಂಡ ಉಂಗುರದ ತುದಿಲೆ ಹೊಸಾ ಹೆಸರು ಬರಿಯೋದು, ಸುತ್ತಲೂ ಮಂದಿ ಬಗ್ಗಿ ಓದೋದು, ನಗೋದು. ಹೆಣ್ಣಿಗೆ ಮೊದಲ ಹೇಳಿರೂದಿಲ್ಲ. ಬ್ಯಾಂಕಿನ ಅಕ್ಕಾ ಹೇಳಿದ್ಲು, ಅಕಿ ಗಂಡಗ ಅಕ್ಷರ ಸಣ್ಣದಾಗಿ ಬರಿಯಾಕ ಬರಲಿಲ್ಲಂತ, ಹೆಸರಿನ ಕಡೀ ಅಕ್ಷರಕ್ಕ ಜಾಗಾ ಸಾಲದ ತಾಟಿನ ಹೊರಗ ಹೋತಂತ, ಅವತ್ತಿನಿಂದ ಅತ್ತಿ ಮನ್ಯಾಗ ಅಕಿನ್ನ ಅರ್ಧಾ ಹೆಸರಲೆ ಕರೀತಾರ. ನಕ್ಕೊಂಡ ಹೇಳಿದ್ಲು, ನಾವೂ ನಕ್ವಿ.

ಇನ್ನೊಬ್ಬಾಕಿ ಪುಸ್ತಕ ಕಡೀತನಕ ಓದಲೇ ಇಲ್ಲ. ಏಂಜಲ್‌ಗ ಮಕ್ಕಳಾಗದಂಗ ಆ ಡ್ಯೂಕ್ ಮಾಡಿಸಿರತಾನ, ಆದ್ರ ಕಡೀಗೆ ಪವಾಡ ಆಗಿ ಮಕ್ಕಳಾಗ್ತಾವು. ಇದನ್ನ ಯಾರೋ ಮೊದಲ ಹೇಳಿಬಿಟ್ರು. "ಹದಿನಾಲ್ಕು ವರ್ಷ ನಂಗೂ ಮಂದಿ ಪವಾಡದ ಅಡ್ರೆಸ್ ಕೊಟ್ಟಾರ, ಇನ್ನ ಪುಸ್ತಕದಾಗೂ ಬ್ಯಾಡ" ಅಂತ ಬ್ಯಾಗಿಗೆ ಹಾಕಿದ್ಲು. ಅದಕ್ಕ ನಾ ಏನೂ ಸೇರಿಸೂದಿಲ್ಲ.

ಮನಿಗೆ ಬಂದ ಮ್ಯಾಲ ರಾತ್ರಿ ನನಗ ಆ 'ಒತ್ತಿ' ಶಬ್ದ ತಲಿಯಾಗ ತಿರುಗಾಕತ್ತಿತ್ತು, ಕಪಾಟಿನ್ಯಾಗಿನ ವಚನದ ಪುಸ್ತಕ ತಗದೆ. ಸೂಳೆ ಸಂಕವ್ವೆ ಅಂತ ಹನ್ನೆರಡನೇ ಶತಮಾನದ ಶರಣೆ. ಅಕಿದು ನಮಗ ಸಿಕ್ಕಿದ್ದು ಒಂದ ಒಂದು ವಚನ. ಅದು ಶುರು ಆಗೋದ ಒತ್ತೆ ಅನ್ನೋ ಶಬ್ದದಿಂದ, ಅಡವು ಇಟ್ಟದ್ದೂ ಒತ್ತೆ, ಗಿರಾಕಿ ಕೊಡೋ ಮುಂಗಡಾನೂ ಒತ್ತೆ. ಒಬ್ಬನ ಒತ್ತೆ ಹಿಡದ ಮ್ಯಾಲ ಇನ್ನೊಬ್ಬಂದು ಹಿಡಿಯೂದಿಲ್ಲ, ಹಿಡಿದ್ರ ಬತ್ತಲೆ ನಿಲ್ಲಿಸಿ ಕೊಲ್ತಾರ ಅಂತಾಳ, ತನ್ನ ಬಜಾರದ ಲೆಕ್ಕಾನ ತನ್ನ ದೇವರ ಮುಂದ ಇಡ್ತಾಳ. ಅಕಿ ದೇವರ ಹೆಸರು ನಿರ್ಲಜ್ಜೇಶ್ವರ, ಲಜ್ಜಿ ಇಲ್ಲದ ಈಶ್ವರ, ಎಂಥಾ ಧೈರ್ಯದ ಹೆಸರು! ಅಲ್ಲೆ ಮೈಕೆಲ್ ಇಲ್ಲ. ಯಾರೂ ಬಂದು ಬಿಡಿಸಿಕೊಂಡು ಹೋಗೂದಿಲ್ಲ. ಅಕಿ ಒಬ್ಬಾಕಿನ ನಿಂತು "ಒಲ್ಲೆ" ಅಂತಾಳ, ಚಹಾ ಒಲ್ಲೆ, ಇನ್ನೊಂದು ರೊಟ್ಟಿ ಒಲ್ಲೆ ಅಂತ ನಾವು ದಿನಾ ಅಂತೀವಲ್ಲ, ಅದ ಒಲ್ಲೆ. ಏಂಜಲ್ ಎಷ್ಟ ಸಲ ಒಲ್ಲೆ ಅಂದ್ಲು ಅಂತ ಎಣಿಸಾಕ ಹೋಗಿ ಬಿಟ್ಟೆ.

ಆದ್ರೂ ಪುಸ್ತಕ ಪೂರಾ ಕೆಟ್ಟೈತಿ ಅಂತ ನಾ ಹೇಳೂದಿಲ್ಲ. ಕಡೀಗೆ ಅಕಿ ಮತ್ತ ಬಿಟ್ಟು ಹೋಗ್ತಾಳ, ಸ್ಯಾನ್ ಫ್ರಾನ್ಸಿಸ್ಕೋದಾಗ ಅಡಗಿ ಕೆಲಸ ಮಾಡ್ತಾಳ, ತನ್ನಂಥಾ ಹೆಣ್ಮಕ್ಕಳಿಗೆ ಒಂದು ಮನಿ ಮಾಡ್ತಾಳ, ಮೂರು ವರ್ಷ. ಈ ಸಲ ಅಂವ ಹುಡುಕಿಕೊಂಡು ಹೋಗೂದಿಲ್ಲ. ಈ ಭಾಗ ನಾ ಎರಡ ಸಲ ಓದಿದೆ. ಇಡೀ ಪುಸ್ತಕದಾಗ ಏಂಜಲ್ ತನ್ನ ಕಾಲ ಮ್ಯಾಲ ನಡದಾಡಿದ್ದು ಇಲ್ಲೇ, ಬರವಣಿಗಿನೂ ಇಲ್ಲೆ ಉಸಿರಾಡತೈತಿ, ಉಳಿದ ಕಡೆ ಬಿಗಿದ ಕುಪ್ಪಸದಂಗ ಐತಿ. ಸ್ಟಾರ್ ಕೊಡು ಅಂದ್ರ ಮೂರು ಕೊಡ್ತಿದ್ದೆ, ಎರಡು ಈ ಮೂರು ವರ್ಷಕ್ಕ, ಒಂದು ಊರಿನ ಹೆಸರಿಗೆ. ಬೆಟಗೇರಿ ಅಕ್ಕಾರು ಗ್ರೂಪಿನ್ಯಾಗ ಐದು ಹಾಕ್ಯಾರ, ಸಣ್ಣಾಕಿ ಒಂದು ಹಾಕಿದ್ದಾಕಿ ಆಮ್ಯಾಲ ಅಳಿಸಿ ಎರಡು ಮಾಡ್ಯಾಳ.

ಮರುದಿನ ಮುಂಜಾನಿ ಕಾಕುಗೆ ಕಡೀ ಭಾಗ ಹೇಳಿದೆ. ಮೂರು ವರ್ಷ ಅಂವ ಬರಲಿಲ್ಲ ಅಂದಾಗ ಅಕಿ ತಲಿ ಅಲ್ಲಾಡಿಸಿ, "ಅಂವ ಮಾಡಿದ್ದರಾಗ ಛಲೋ ಕೆಲಸ ಅದೊಂದ ನೋಡು" ಅಂದ್ಲು. ಅಕಿನ ತಿರುಗಿ ಬಂದು, ಮೊದಲನೇ ಸಲ ತನ್ನ ಖರೇ ಹೆಸರು ಹೇಳ್ತಾಳ ಕಾಕು ಅಂದೆ.

"ಏನಂತ ಹೆಸರು?"

ಸಾರಾ.

"ಸಾರಾ" ಅಂತ ಒಂದ ಸಲ ಅಂದು ನೋಡಿದ್ಲು. ರೊಟ್ಟಿ ತಿರುವಿ ಹಾಕಿದ್ಲು, ಈ ಸಲ ಹೊತ್ತಿಸಲಿಲ್ಲ, ಅದು ಉಬ್ಬೋತನಕ ಅರಬಿಲೆ ಒತ್ತಿದ್ಲು. ಆಮ್ಯಾಲ ನನ್ನ ಕಡೆ ನೋಡದನ, ತವರು ಮನ್ಯಾಗ ತನ್ನ ಹೆಸರು ಏನಿತ್ತು ಅಂತ ಹೇಳಿದ್ಲು. ನಲವತ್ತಾರು ವರ್ಷದಾಕಿ ನಾನು, ಹುಟ್ಟಿದಾಗಿಂದ ಕಾಕು ಅಂತ ಕರದಾಕಿ, ರೇಷನ್ ಕಾರ್ಡ್ ಆಧಾರ್ ಎಲ್ಲಾ ನಾನ ಮಾಡಿಸಿ ಕೊಟ್ಟಾಕಿ, ಆ ಹೆಸರು ಎಂದೂ ಕೇಳಿರಲಿಲ್ಲ. ಭಾಳ ಚಂದ ಐತಿ ಹೆಸರು. ಇಲ್ಲಿ ಬರೀಲೇನು ಅಂತ ಕೇಳಿದೆ, ಬ್ಯಾಡ ಅಂದ್ಲು, "ಹಿಟ್ಟು ಮುಗೀತು, ಡಬ್ಬಿ ತಗೊಂಡ ಬಾ."